ಜಾಕೆಟ್ಟಿನ ಒಳಮೈ

ಪೊರಕೆ ಮುರಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ತಳ್ಳುಗಾಡಿಯ ಚಕ್ರ ಕಿತ್ತುಬಂದರೆ ಎರಡು ದಿನದ್ದು. ಕಿತ್ತಳೆ ಬಣ್ಣದ ಜಾಕೆಟ್ಟು ಕಳೆದರೆ ಒಂದು ವಾರದ್ದು. ಕಳೆಯದೆ ಬರೀ ಕೊಳೆಯಾದರೆ ಅರ್ಧ ದಿನದ್ದು. ಅದರ ಮೇಲಿನ ಬೆಳ್ಳಿ ಪಟ್ಟಿ ಎದ್ದುಬಂದರೆ ಜಾಕೆಟ್ಟೇ ಕಳೆದುಹೋಯಿತು ಎಂದು ಲೆಕ್ಕ. ಸೊಂಟದ ಮೂಳೆಗೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಅದನ್ನು ತಿಳಿದುಕೊಳ್ಳಲು ನಾನು ನಗರಸಭೆಯ ದೊಡ್ಡ ಹಾಲಿಗೆ ಹೋಗಬೇಕಾಯಿತು.

ನಾನು ಬೀದಿ ಗುಡಿಸುವವಳು. ನನ್ನ ತಂಗಿಯೂ ಅದೇ. ನಮ್ಮಮ್ಮ ಅದೇ ಕೆಲಸ ಮಾಡಿ ಮಾಡಿ ಈಗ ಮೂಲೆಯಲ್ಲಿ ಕೆಮ್ಮುತ್ತಾ ಕೂತಿದ್ದಾಳೆ. ಮೂವರಿಗೂ ಒಂದೇ ಕೋಣೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಬೇಕು.

ಜಾಕೆಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದರ ಹೊರಮೈ ಕಿತ್ತಳೆ. ಎದೆಗೂ ಬೆನ್ನಿಗೂ ಬೆಳ್ಳಿ ಪಟ್ಟಿ. ವಾಹನದ ಬೆಳಕು ಬಿದ್ದರೆ ಪಟ್ಟಿ ಫಳ್ಳನೆ ಹೊಳೆಯುತ್ತದೆ. ಒಳಮೈ ಬರೀ ಬೂದು ಬಟ್ಟೆ. ಕತ್ತಲಲ್ಲಿ ಅದು ಡಾಂಬರಿನ ಬಣ್ಣವೇ. ಕೆಲಸ ಮುಗಿದ ಮೇಲೆ ಹಾಜರಿ ಶೆಡ್ಡಿನಲ್ಲಿ ಜಾಕೆಟ್ಟು ಬಿಚ್ಚಿ ಮೇಸ್ತ್ರಿಯ ಕೈಗೆ ಕೊಡಬೇಕು. ಅವನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಕಲೆ ಕಂಡರೆ ಕೂಲಿ ಕಟ್. ಉಜ್ಜಿ ಒಗೆದರೆ ಪಟ್ಟಿ ಏಳುತ್ತದೆ. ಪಟ್ಟಿ ಎದ್ದರೆ ವಾರದ ಕೂಲಿ ಕಟ್.

ನಾವು ಚರಂಡಿಯ ಬಾಯಿಗೆ ಕೈ ಹಾಕುವವರು. ಸತ್ತ ಇಲಿ, ಹೋಟೆಲಿನ ಜಿಡ್ಡು, ಮಕ್ಕಳ ಹೇಸಿಗೆ ಸುತ್ತಿ ಎಸೆದ ಬಟ್ಟೆ, ಒಡೆದ ಬಾಟಲಿ, ಎಲ್ಲ ಎತ್ತಬೇಕು. ಎತ್ತಿಯೂ ಜಾಕೆಟ್ಟು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿರಬೇಕು. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಶೆಡ್ಡಿನಿಂದ ಹೊರಡುವಾಗ ಸರಿಯಾಗಿ ಹಾಕಿಕೊಳ್ಳುವುದು. ತಿರುವು ದಾಟಿದ ಮೇಲೆ ಬಿಚ್ಚಿ, ಮಗುಚಿ ಹಾಕಿಕೊಳ್ಳುವುದು. ಒಳಮೈ ಹೊರಗೆ. ಕೊಳೆಯೆಲ್ಲ ಬೂದು ಬಟ್ಟೆಗೆ. ವಾಪಸ್ ಬರುವಾಗ ಮತ್ತೆ ಮಗುಚಿದರೆ ಆಯಿತು. ವಾಸನೆ ಬರುತ್ತಿತ್ತು, ನಿಜ. ವಾಸನೆಗೆ ದಂಡ ಇರಲಿಲ್ಲ.

ಮೇಸ್ತ್ರಿ ಜಾಕೆಟ್ಟಿನ ಒಳಗೆ ನೋಡುತ್ತಿರಲಿಲ್ಲ. ನೋಡಬಾರದು ಎಂದೇ ನೋಡುತ್ತಿರಲಿಲ್ಲ. ಅವನೂ ನಮ್ಮಂತೆಯೇ ಪೊರಕೆ ಹಿಡಿದು ಮೇಲೆ ಬಂದವನು. ಕೆಟ್ಟವನಲ್ಲ. ಹೆದರುವವನು.

ಮೊದಲು ನಾವು ಜೋಡಿಯಾಗಿ ಕೆಲಸ ಮಾಡುತ್ತಿದ್ದೆವು. ಒಬ್ಬಳು ಗುಡಿಸುವುದು. ಇನ್ನೊಬ್ಬಳು ಹಿಂದೆ ಗಾಡಿ ತಳ್ಳುತ್ತಾ ರಸ್ತೆ ನೋಡುವುದು. ಗುಡಿಸುವವಳು ಬಗ್ಗಿರುತ್ತಾಳೆ. ಅವಳಿಗೆ ಕಾಣುವುದು ಕಸ, ತನ್ನ ಪಾದ ಅಷ್ಟೇ. ಗಾಡಿ ತಳ್ಳುವವಳ ಕಣ್ಣೇ ಇಬ್ಬರಿಗೂ ಕಣ್ಣು. ವಾಹನ ಬಂದರೆ ಅವಳು ‘ಒಳಗೆ’ ಎನ್ನುತ್ತಾಳೆ. ಕೇಳಿದ ಕೂಡಲೇ ಗುಡಿಸುವವಳು ಫುಟ್‌ಪಾತಿನ ಕಡೆ ಸರಿಯಬೇಕು. ತಲೆ ಎತ್ತಿ ನೋಡಿ ಆಮೇಲೆ ಸರಿಯುತ್ತೇನೆ ಎಂದರೆ ತಡವಾಗುತ್ತದೆ. ನನ್ನ ಜೋಡಿ ತಂಗಿ. ಅವಳು ಗುಡಿಸುತ್ತಿದ್ದಳು, ನಾನು ತಳ್ಳುತ್ತಿದ್ದೆ. ಹದಿನೈದು ವರ್ಷದವಳಾಗಿದ್ದಾಗಿನಿಂದ ಅವಳು ನನ್ನ ದನಿಗೆ ಸರಿದವಳು.

ಹೊಸ ಗುತ್ತಿಗೆದಾರ ಬಂದ. ‘ಒಂದು ಬೀದಿಗೆ ಇಬ್ಬರು ಯಾಕೆ, ಮದುವೆ ಮೆರವಣಿಗೆಯಾ?’ ಎಂದ. ಜೋಡಿ ಮುರಿದ. ಗಾಡಿಯೂ ಪೊರಕೆಯೂ ಒಬ್ಬಳಿಗೇ. ನನಗೆ ಮಾರುಕಟ್ಟೆ ಬೀದಿ. ತಂಗಿಗೆ ಮೇಲ್ಸೇತುವೆಯ ಕೆಳಗಿನ ರಸ್ತೆ. ಅಲ್ಲಿ ದೀಪದ ಕಂಬಗಳಿವೆ, ದೀಪಗಳಿಲ್ಲ.

ಬೆಳಕು ಇನ್ನೂ ಹರಿದಿರಲಿಲ್ಲ. ನೀರಿನ ಟ್ಯಾಂಕರು ಅವಳನ್ನು ಹೊಡೆಯಿತು.

ಟ್ಯಾಂಕರಿನವನು ಓಡಿಹೋಗಲಿಲ್ಲ. ಅದನ್ನು ನಾನು ಹೇಳಲೇಬೇಕು. ತಾನೇ ಎತ್ತಿ ಪಕ್ಕದ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ನಾನು ಓಡಿಹೋದಾಗ ಅವನು ಬಾಗಿಲಲ್ಲಿ ಒಂದು ಪೌಂಡು ಬ್ರೆಡ್ಡು ಹಿಡಿದು ನಿಂತಿದ್ದ.

‘ಕಾಣಲೇ ಇಲ್ಲ ಅಕ್ಕಾ’ ಎಂದ. ‘ನನ್ನ ಕಣ್ಣು ಚೆನ್ನಾಗೇ ಇದೆ. ಕುಡಿದಿರಲಿಲ್ಲ. ಕಾಣಲೇ ಇಲ್ಲ.’

ಆಸ್ಪತ್ರೆಯವರು ಜಾಕೆಟ್ಟನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕಸಕ್ಕೆ ಎಸೆದಿದ್ದರು. ಸೊಂಟದ ಮೂಳೆ ಮುರಿದಿತ್ತು. ಒಳಗೆ ಪ್ಲೇಟು ಕೂರಿಸಬೇಕು, ತಡ ಮಾಡಿದರೆ ಓರೆಯಾಗಿಯೇ ಕೂಡಿಕೊಳ್ಳುತ್ತದೆ, ಆಮೇಲೆ ನೆಟ್ಟಗೆ ನಡೆಯಲಾರಳು ಎಂದರು ಡಾಕ್ಟರು. ದುಡ್ಡು ಕಟ್ಟುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದೂ ಅಂದರು. ನಗರಸಭೆ ಒಪ್ಪಿದರೆ ದುಡ್ಡು ನಗರಸಭೆ ಕಟ್ಟುತ್ತದೆ. ಇಲ್ಲವಾದರೆ ಇಲ್ಲ.

ಅವಳನ್ನು ಹಲಗೆಯ ಮೇಲೆ ಮಲಗಿಸಿದೆವು. ಅಮ್ಮನೂ ನಾನೂ ಗೋಡೆಗೆ ಒರಗಿ ಮಲಗಿದೆವು. ಅವಳನ್ನು ಒಂದು ಮಗ್ಗುಲಿಗೆ ತಿರುಗಿಸಬೇಕಾದರೂ ಇಬ್ಬರು ಬೇಕು. ತಿರುಗಿಸುವಾಗ ಅವಳು ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿ ನನ್ನ ತೋಳು ಹಿಡಿಯುತ್ತಿದ್ದಳು. ತೋಳಿನಲ್ಲಿ ಅವಳ ಐದು ಬೆರಳೂ ಮೂಡುತ್ತಿದ್ದವು.

‘ನೀನು ಒಳಗೆ ಅನ್ನೋವರೆಗೂ ನಾನು ತಲೆ ಎತ್ತೋದೇ ಇಲ್ಲ ಅಕ್ಕಾ’ ಎಂದಳು ಒಂದು ಸಲ. ‘ನೀನು ಅಲ್ಲಿಲ್ಲ ಅಂತ ಗೊತ್ತಿತ್ತು. ಟ್ಯಾಂಕರಿನ ಸದ್ದೂ ಕೇಳ್ತು. ಆದ್ರೂ ಕಾಲು ನಿನ್ನ ಮಾತಿಗೇ ಕಾಯ್ತಿತ್ತು.’

ಒದ್ದೆ ಬಟ್ಟೆಯಿಂದ ಅವಳ ಬೆನ್ನು ಒರೆಸಿದೆ.

ಮೇಸ್ತ್ರಿ ಬಂದ. ಕೂರಲು ಜಾಗವಿಲ್ಲದೆ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತ.

‘ಜಾಕೆಟ್ಟು ಹಾಕಿದ್ದಳು ಅಂತ ನಾನು ಬರೆದುಕೊಟ್ಟಿದೀನಿ’ ಎಂದ. ‘ಹೇಗೆ ಹಾಕಿದ್ದಳು ಅಂತ ಯಾರೂ ಕೇಳಿಲ್ಲ. ಕೇಳದೆ ಇರೋದಕ್ಕೆ ನಾವಾಗೇ ಉತ್ತರ ಕೊಡಬಾರದು. ಗೊತ್ತಾಯ್ತಲ್ಲ?’

‘ಟ್ಯಾಂಕರಿನವನು?’

‘ಅವನ ಲೈಸೆನ್ಸು ಕಿತ್ತಿಟ್ಕೊಂಡಿದಾರೆ. ಅವಳು ಜಾಕೆಟ್ಟು ಹಾಕಿರಲಿಲ್ಲ ಅಂತ ಅವನ ಮಾಲೀಕರ ಕಡೆ ವಕೀಲ ಹೇಳ್ತಾನೆ. ಕಾಣಲಿಲ್ಲ ಅಂತ ಅವನು ಹೇಳ್ತಾನೆ. ಅದು ಅವರ ಪಾಡು.’ ಆಮೇಲೆ ಬಂದ ಕೆಲಸಕ್ಕೆ ಬಂದ. ‘ನಾಳಿದ್ದು ನಗರಸಭೆ ಹಾಲಿನಲ್ಲಿ ಸಭೆ. ಬೀದಿ ಸುರಕ್ಷತಾ ನೀತಿ ಅಂತ ಮಾಡ್ತಿದಾರೆ. ನಮಗೆಲ್ಲ ಹೊಸ ಜಾಕೆಟ್ಟು ಬರುತ್ತೆ. ವೇದಿಕೆ ಮೇಲೆ ಒಬ್ಬಳು ಅದನ್ನ ಹಾಕ್ಕೊಂಡು ಫೋಟೋಗೆ ನಿಲ್ಲಬೇಕಂತೆ. ನಿನ್ನ ಹೆಸರು ಕೊಟ್ಟಿದೀನಿ. ಆಪರೇಷನ್ನಿನ ದುಡ್ಡು ಮಂಜೂರು ಮಾಡೋರೂ ಅಲ್ಲೇ ಇರ್ತಾರೆ. ನಿಂತು, ನಕ್ಕು, ಇಳಿದು ಬಾ. ಆಮೇಲೆ ನಾನೇ ಮಾತಾಡ್ತೀನಿ.’

ಅಮ್ಮ ಕೆಮ್ಮಿ ಕೆಮ್ಮಿ ದನಿ ಮಾಡಿಕೊಂಡು ಹೇಳಿದಳು: ‘ಹೋಗು, ಹೋಗು. ಜೀವಮಾನ ಎಲ್ಲ ಗುಡಿಸಿದೆ, ಒಬ್ಬನೂ ನನ್ನ ಮುಖ ನೋಡಲಿಲ್ಲ. ನಿನ್ನದು ಪೇಪರಿನಲ್ಲಾದ್ರೂ ಬರಲಿ. ಬಾಯಿ ಮಾತ್ರ ಮುಚ್ಕೊಂಡಿರು.’

‘ಫೋಟೋಗೆ ನಗಬೇಕಂತೆ ಕಣಮ್ಮ.’

‘ಹಲ್ಲು ಬಿಡು. ಮಾತು ಬಿಡಬೇಡ.’

ತಂಗಿ ನಗಲು ಹೋಗಿ ಸೊಂಟ ಹಿಡಿದುಕೊಂಡಳು.

ಸಭೆಯ ದಿನ ಬೆಳಿಗ್ಗೆ ನಾನು ಬೀದಿ ಗುಡಿಸಿ ಬಂದು, ಎರಡು ಸಲ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಹೋದೆ. ಹಾಲಿನ ಬಾಗಿಲಲ್ಲಿದ್ದ ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೆತ್ತೆಯ ಕುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು. ‘ಅಲ್ಲಿ ಬೇಡಮ್ಮ, ಕೊಳೆಯಾಗುತ್ತೆ’ ಎಂದು ಒಂದು ಸ್ಟೂಲು ತಂದು ಬಾಗಿಲ ಸಂದಿಯಲ್ಲಿ ಹಾಕಿದ. ಕೂತೆ. ಆ ಹಾಲಿನ ಮುಂದಿನ ಮೆಟ್ಟಿಲನ್ನೂ ನಮ್ಮವರೇ ಗುಡಿಸುವುದು.

ಸಭೆ ಶುರುವಾಯಿತು. ರಸ್ತೆ ಇಂಜಿನಿಯರು ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಟ್ಟು ಕೋಲಿನಿಂದ ತೋರಿಸುತ್ತಾ ಹೋದರು. ಅಗಲವಾದ ಫುಟ್‌ಪಾತು, ರಸ್ತೆಯುಬ್ಬು, ದೀಪ, ದಾಟುವ ಪಟ್ಟೆ. ಚಿತ್ರದ ಬೀದಿಯಲ್ಲಿ ಒಂದು ಕಡ್ಡಿ ಕಸ ಇರಲಿಲ್ಲ. ಗುಡಿಸುವವರೂ ಇರಲಿಲ್ಲ.

ಅಂಗಡಿಯವರ ಸಂಘದ ದಪ್ಪನೆಯ ಮನುಷ್ಯ ಎದ್ದ. ‘ಫುಟ್‌ಪಾತು ಅಗಲ ಮಾಡಿಬಿಟ್ರೆ ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸ್ಬೇಕು ಸ್ವಾಮಿ? ನನ್ನ ತಲೆ ಮೇಲಾ?’

‘ಜಾಗ ಇದೆಯಲ್ಲ’ ಎಂದರು ಹಿಂದಿನ ಸಾಲಿನಿಂದ ಯಾರೋ. ಅಂಗಡಿಯವನ ತಲೆ ಪೂರ್ತಿ ಬೋಳು. ಎಲ್ಲರೂ ನಕ್ಕರು. ಅವನೂ ನಕ್ಕ. ಫುಟ್‌ಪಾತು ‘ಮುಂದಿನ ಹಂತಕ್ಕೆ’ ಹೋಯಿತು.

ಕಾರಿನವರ ಸಂಘದವನು ಎದ್ದ. ‘ಉಬ್ಬು ಹಾಕಿ, ವೇಗ ಇಳಿಸಿ ಅಂತೀರಿ. ಹಾಗಾದ್ರೆ ಕಾರು ಯಾಕೆ, ನಡೆದೇ ಹೋಗ್ತೀವಿ ಬಿಡಿ.’

‘ಒಂದು ಸಲ ನಡೆದು ನೋಡಿ ಸಾರ್’ ಎಂದರು ಒಬ್ಬರು ಶಾಲೆ ಮೇಡಂ. ‘ನಮ್ಮ ಶಾಲೆ ಮುಂದೆ ರಸ್ತೆ ದಾಟಿ ತೋರಿಸಿ. ಮಕ್ಕಳ ಕೈಲಿ ಚಪ್ಪಾಳೆ ಹೊಡಿಸ್ತೀನಿ.’

ಅದಕ್ಕೂ ನಗು. ಉಬ್ಬಿನ ಬಗ್ಗೆ ಅಧ್ಯಯನ ಮಾಡುವುದು ಎಂದಾಯಿತು. ದೀಪಕ್ಕೆ ಈ ವರ್ಷ ದುಡ್ಡಿಲ್ಲ ಎಂದಾಯಿತು. ಅನುಷ್ಠಾನ, ಅನುಷ್ಠಾನ ಎಂದು ಎಲ್ಲರೂ ಹೇಳುತ್ತಿದ್ದರು. ಯಾರು ಮಾಡಬೇಕು ಎನ್ನುವಲ್ಲಿಗೆ ಬಂದಾಗ ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಿದ್ದರು. ಶಾಲೆ ಮೇಡಂ ಇನ್ನೊಂದು ಸಲ ಎದ್ದರು. ಮೈಕು ಅವರ ತನಕ ಬರಲಿಲ್ಲ.

ಕೊನೆಗೆ ಉಳಿದದ್ದು ಜಾಕೆಟ್ಟು. ಪೌರ ಕಾರ್ಮಿಕರು ಕಡ್ಡಾಯವಾಗಿ ಹೊಳೆಯುವ ಜಾಕೆಟ್ಟು ಧರಿಸತಕ್ಕದ್ದು. ಅಂಗಡಿಯವನು ತಲೆಯಾಡಿಸಿದ. ಕಾರಿನವನು ‘ಇದು ಮಾತು’ ಎಂದ. ಅಲ್ಲಿ ಕೂತಿದ್ದ ಯಾರೂ ಒಂದು ಗೇಣು ಜಾಗ ಬಿಡಬೇಕಾದದ್ದಿಲ್ಲ, ಒಂದು ನಿಮಿಷ ನಿಧಾನ ಮಾಡಬೇಕಾದದ್ದಿಲ್ಲ. ಎಲ್ಲರೂ ಕೈಯೆತ್ತಿದರು.

ನನ್ನನ್ನು ಕರೆದರು. ವೇದಿಕೆ ಹತ್ತಿದೆ. ಇಂಜಿನಿಯರೇ ಪ್ಲಾಸ್ಟಿಕ್ ಕವರು ಬಿಚ್ಚಿ ಹೊಸ ಜಾಕೆಟ್ಟು ನನಗೆ ತೊಡಿಸಿದರು. ತೊಡಿಸುವಾಗ ಬೆರಳ ತುದಿ ಕೂಡ ನನಗೆ ತಾಗದಂತೆ ಹುಷಾರಾಗಿದ್ದರು. ಫೋಟೋದವನು ಬೆಳಕು ಬಿಟ್ಟ. ನಾನು ಅಮ್ಮ ಹೇಳಿದಂತೆ ಹಲ್ಲು ಬಿಟ್ಟೆ. ಇನ್ನೇನು ಇಳಿಯಬೇಕು. ಇಂಜಿನಿಯರು ಮೈಕಿನಲ್ಲಿ ಹೇಳಿದರು:

‘ಹೋದ ವಾರ ಮೇಲ್ಸೇತುವೆಯ ಕೆಳಗೆ ಒಬ್ಬ ಸಹೋದರಿಗೆ ಅಪಘಾತವಾಯಿತು. ಆಕೆ ಜಾಕೆಟ್ ಹಾಕಿರಲಿಲ್ಲ. ಹಾಕಿದ್ದಿದ್ದರೆ ಇವತ್ತು ಆಕೆ ತನ್ನ ಕಾಲ ಮೇಲೆ ನಿಂತಿರುತ್ತಿದ್ದಳು.’

ಜನ ತ್ಚು ತ್ಚು ಎಂದರು.

‘ಹಾಕಿದ್ದಳು’ ಎಂದೆ.

ಮೈಕು ಹತ್ತಿರವಿತ್ತು. ಹಾಲಿಗೆಲ್ಲ ಕೇಳಿತು.

ವೇದಿಕೆಯ ನಡುವೆ ಕೂತಿದ್ದ ನಗರಸಭೆ ಅಧ್ಯಕ್ಷೆ ಕನ್ನಡಕ ತೆಗೆದರು. ‘ಏನಮ್ಮ?’

‘ಹಾಕಿದ್ದಳು ಮೇಡಂ. ಅವಳು ನನ್ನ ತಂಗಿ.’

ಇಂಜಿನಿಯರು ಮಗುವಿಗೆ ಹೇಳುವಂತೆ ನಕ್ಕರು. ‘ಹಾಕಿದ್ದರೆ ಕಾಣದೆ ಇರೋದಿಲ್ಲಮ್ಮ. ಅಷ್ಟು ದೂರದಿಂದ ಹೊಳೆಯುತ್ತೆ. ಹಾಗಾದ್ರೆ ಡ್ರೈವರು ಸುಳ್ಳು ಹೇಳ್ತಿದಾನೆ ಅಂತೀರಾ?’

ಹಿಂದೆ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಹೌದು ಅನ್ನು, ಹೌದು ಅನ್ನು ಎಂದು ತಲೆಯಾಡಿಸುತ್ತಿದ್ದ. ಹೌದು ಎಂದರೆ ತಂಗಿಗೆ ಪ್ಲೇಟು ಸಿಗುತ್ತಿತ್ತು. ಬ್ರೆಡ್ಡು ಹಿಡಿದು ನಿಂತವನು ಜೈಲಿಗೆ ಹೋಗುತ್ತಿದ್ದ. ಸುಮ್ಮನೆ ಇಳಿದರೆ, ನನ್ನ ತಂಗಿ ಹಾಕಿರಲೇ ಇಲ್ಲ ಎಂದಾಗುತ್ತಿತ್ತು. ಇನ್ನೊಂದು ದಾರಿ ನನ್ನ ಮೈಮೇಲೆಯೇ ಇತ್ತು.

ಜಾಕೆಟ್ಟು ಬಿಚ್ಚಿದೆ. ಎರಡು ತೋಳುಗಂಡಿಗೂ ಕೈ ಹಾಕಿ ಮಗುಚಿದೆ. ಬೂದು ಬಟ್ಟೆ ಹೊರಗೆ ಮಾಡಿ ಹಾಕಿಕೊಂಡೆ.

‘ಅಮ್ಮಾ, ಉಲ್ಟಾ ಆಯ್ತು’ ಎಂದ ಅಂಗಡಿಯವನು. ಹಾಲೆಲ್ಲ ನಕ್ಕಿತು.

‘ಉಲ್ಟಾ ಅಲ್ಲ. ನಾವು ದಿನಾ ಹಾಕೋದೇ ಹೀಗೆ’ ಎಂದೆ. ‘ಅವಳೂ ಹೀಗೇ ಹಾಕಿದ್ದಳು. ಡ್ರೈವರು ಸುಳ್ಳು ಹೇಳಿಲ್ಲ. ಅವಳೂ ತಪ್ಪು ಮಾಡಿಲ್ಲ. ಕೊಳೆಯಾದ್ರೆ ಅರ್ಧ ದಿನದ ಕೂಲಿ ಹಿಡೀತೀರಿ. ಒಗೆದು ಪಟ್ಟಿ ಎದ್ದರೆ ಒಂದು ವಾರದ್ದು ಹಿಡೀತೀರಿ. ಚರಂಡಿಗೆ ಇಳಿದು ಚೊಕ್ಕಟವಾಗಿ ಎದ್ದು ಬಾ ಅಂದ್ರೆ ಹೇಗೆ ಬರೋದು? ನಾವು ನಿಮ್ಮ ಕಣ್ಣಿಗೆ ಕಾಣಬೇಕಾ, ನಿಮ್ಮ ಜಾಕೆಟ್ಟು ಹೊಸದಾಗಿರಬೇಕಾ, ಒಂದು ಹೇಳಿ. ಎರಡೂ ಆಗಲ್ಲ.’

ನಗು ನಿಂತಿತ್ತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ.

‘ನಮಗೆ ಜಾಕೆಟ್ಟು ಕೊಡದಿದ್ರೂ ನಡೆಯುತ್ತೆ. ಮೊದಲು ನಾವು ಇಬ್ಬಿಬ್ಬರು ಇದ್ದೆವು. ಒಬ್ಬಳು ಗುಡಿಸಿದ್ರೆ ಒಬ್ಬಳು ನೋಡ್ತಿದ್ದಳು. ಆಗ ಇದೇ ಕತ್ತಲಲ್ಲಿ ಇದೇ ಬೂದು ಬಟ್ಟೇಲಿ ಗುಡಿಸಿದೀವಿ, ಯಾರ ಮೂಳೇನೂ ಮುರೀಲಿಲ್ಲ. ಆ ಜೋಡಿ ವಾಪಸ್ ಕೊಡಿ.’

ಫೋಟೋದವನು ಮೆಲ್ಲಗೆ ಅಂದ: ‘ಮೇಡಂ, ಇನ್ನೊಂದು ಬೇಕಿತ್ತು. ಅದನ್ನ ಸರಿ ಮಾಡಿಕೊಳ್ಳೋಕೆ ಹೇಳಿ. ಹೊಳೀತಾ ಇಲ್ಲ.’

‘ಸರಿ ಮಾಡ್ಕೊಳ್ಳಮ್ಮ’ ಎಂದರು ಇಂಜಿನಿಯರು.

‘ಮಾಡ್ಕೊಳ್ಳಲ್ಲ.’

‘ಒಂದು ಫೋಟೋ ಅಷ್ಟೇ.’

‘ನನ್ನ ತಂಗಿ ಹೇಗಿದ್ದಳೋ ಹಾಗೇ ನಿಂತಿದೀನಿ. ಹಿಡಿಯೋದಿದ್ರೆ ಹೀಗೇ ಹಿಡೀರಿ.’

ಅವನು ಹಿಡಿಯಲಿಲ್ಲ. ಕ್ಯಾಮೆರಾ ಇಳಿಸಿ ಗಾಜು ಒರೆಸಿಕೊಂಡ. ಅಧ್ಯಕ್ಷೆ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ‘ಬಹಳ ಮುಖ್ಯವಾದ ವಿಷಯ ಹೇಳಿದ್ರಿ’ ಎಂದರು. ಪಕ್ಕಕ್ಕೆ ತಿರುಗಿ ‘ಇದನ್ನ ಬರೆದುಕೊಳ್ಳಿ, ನೀತಿಯಲ್ಲಿ ಬರಲಿ’ ಎಂದರು. ಒಬ್ಬಾತ ಬರೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲೆ ಮೇಡಂ ಎದ್ದು ನಿಂತು ತಟ್ಟಿದರು.

ನಾನು ಮೆಟ್ಟಿಲಿಳಿಯುವಾಗ ಎದೆ ಹಗುರವಾಗಿತ್ತು. ದೊಡ್ಡವರು ನಮ್ಮ ಮಾತು ಬರೆದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೇಸ್ತ್ರಿ ಮಾತ್ರ ನನ್ನ ಜೊತೆ ನಡೆಯಲಿಲ್ಲ. ದೂರ ದೂರ ಬಂದ.

‘ಎಂಥ ಕೆಲಸ ಮಾಡಿದೆ ನೀನು’ ಎಂದ ತಿರುವಿನಲ್ಲಿ. ‘ನನ್ನ ಕೈ ಇಷ್ಟು ದಿನ ಒಂದು ಪರದೆ ಹಿಡ್ಕೊಂಡಿತ್ತು. ಎಳೆದು ಹಾಕಿಬಿಟ್ಟೆಯಲ್ಲ.’

‘ಬರೆದುಕೊಂಡ್ರಲ್ಲ ಅಣ್ಣ.’

‘ಏನು ಬರ್ಕೊಂಡ್ರು ಅಂತ ನೋಡಿದ್ಯಾ?’

ನೋಡಿರಲಿಲ್ಲ.

ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ಅಮ್ಮ ಹಣೆ ಬಡಿದುಕೊಂಡಳು. ತಂಗಿ ಸೂರು ನೋಡುತ್ತಾ ಮಲಗಿದ್ದಳು. ಹಾಗೇ ಕೇಳಿದಳು:

‘ಜೋಡಿ ಕೇಳ್ದೆಯಾ?’

‘ಕೇಳ್ದೆ.’

‘ಎಲ್ಲರ ಮುಂದೇನಾ?’

‘ಎಲ್ಲರ ಮುಂದೆ.’

‘ನನ್ನನ್ನ ತಿರುಗಿಸು’ ಎಂದಳು. ಅಮ್ಮನೂ ನಾನೂ ತಿರುಗಿಸಿದೆವು. ಅವಳು ಗೋಡೆಯ ಕಡೆ ಮುಖ ಮಾಡಿದಳು. ಆ ಸಲ ನನ್ನ ತೋಳು ಹಿಡಿಯಲಿಲ್ಲ.

ನೀತಿ ಅಚ್ಚಾಗಿ ಬಂತು. ಹಾಜರಿ ಶೆಡ್ಡಿನ ಗೋಡೆಗೆ ಅಂಟಿಸಿದರು. ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿ ಓದಿದ. ಓದುವಾಗ ನನ್ನ ಕಡೆ ನೋಡಲಿಲ್ಲ.

ಫುಟ್‌ಪಾತಿನ ಬಗ್ಗೆ, ಉಬ್ಬಿನ ಬಗ್ಗೆ, ದೀಪದ ಬಗ್ಗೆ ಅದರಲ್ಲಿ ಸೊಗಸಾದ ಮಾತುಗಳಿದ್ದವು. ಎಲ್ಲವೂ ‘ಕ್ರಮ ವಹಿಸಲಾಗುವುದು’ ಎಂದೇ ಮುಗಿಯುತ್ತಿದ್ದವು. ನಮ್ಮ ಕಲಮು ಹಾಗೆ ಮುಗಿಯಲಿಲ್ಲ. ಕಾರ್ಮಿಕರು ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ಧರಿಸುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಹಾಗೆ ಧರಿಸಿದರೆ ಒಂದು ದಿನದ ಕೂಲಿ ಕಡಿತ. ಹಾಗೆ ಧರಿಸಿದಾಗ ಆಗುವ ಅಪಘಾತಕ್ಕೆ ಕಾರ್ಮಿಕರೇ ಹೊಣೆ. ಜಾಕೆಟ್ಟಿನ ಸ್ವಚ್ಛತೆಗಾಗಿ ತಲಾ ಒಂದು ಸೋಪು ಒದಗಿಸಲಾಗುವುದು. ಕೊಳೆಗೆ ಇದ್ದ ದಂಡ ಹಾಗೇ ಇತ್ತು. ಪಟ್ಟಿಗೆ ಇದ್ದ ದಂಡವೂ ಹಾಗೇ ಇತ್ತು. ಜೋಡಿ ಎಂಬ ಪದಕ್ಕಾಗಿ ನಾನು ಕೊನೆಯ ಸಾಲಿನವರೆಗೂ ಕಾದೆ.

ಶೆಡ್ಡಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬಳು ಮುದುಕಿ ಮಾತ್ರ ಜಾಕೆಟ್ಟು ಹಾಕಿಕೊಳ್ಳುತ್ತಾ, ‘ಇದ್ದದ್ದೊಂದು ಉಪಾಯ, ಅದೂ ಹೋಯ್ತು’ ಎಂದಳು. ಬೈದಿದ್ದರೆ ಸಹಿಸುತ್ತಿದ್ದೆ.

ಆಪರೇಷನ್ನಿನ ಅರ್ಜಿಗೆ ಉತ್ತರ ಬಂತು. ಜಾಕೆಟ್ಟನ್ನು ಸರಿಯಾಗಿ ಧರಿಸಿರಲಿಲ್ಲ ಎಂದು ಗಾಯಾಳುವಿನ ಅಕ್ಕನೇ ಸಾರ್ವಜನಿಕ ಸಭೆಯಲ್ಲಿ ಒಪ್ಪಿಕೊಂಡಿರುವುದರಿಂದ ಪರಿಹಾರಕ್ಕೆ ಅವಕಾಶವಿಲ್ಲ ಎಂದಿತ್ತು. ಮೇಸ್ತ್ರಿಯೇ ತಂದುಕೊಟ್ಟ. ಹೊಸ್ತಿಲ ಮೇಲೆ ಕೂರದೆ ನಿಂತೇ ಕೊಟ್ಟು ಹೋದ. ಅವನಿಗೂ ನೋಟೀಸು ಬಂದಿತ್ತು.

ಟ್ಯಾಂಕರಿನವನಿಗೆ ಲೈಸೆನ್ಸು ವಾಪಸ್ ಸಿಕ್ಕಿತು. ಒಂದು ದಿನ ಬಂದು ಬಾಗಿಲಲ್ಲಿ ನಿಂತು, ‘ನಿಮ್ಮಿಂದ ಉಳಿದೆ ಅಕ್ಕಾ’ ಎಂದ. ಜೇಬಿನಲ್ಲಿದ್ದದ್ದನ್ನೆಲ್ಲ ತೆಗೆದುಕೊಟ್ಟ. ಅದು ನೋವಿನ ಮಾತ್ರೆಗೆ ಆಯಿತು.

ತಂಗಿಯ ಮೂಳೆ ಡಾಕ್ಟರು ಹೇಳಿದಂತೆ ಓರೆಯಾಗಿಯೇ ಕೂಡಿಕೊಂಡಿತು. ಈಗ ಗೋಡೆ ಹಿಡಿದು ಒಲೆಯವರೆಗೆ ಹೋಗುತ್ತಾಳೆ. ಅವಳ ರಸ್ತೆಯನ್ನು ಬೇರೆಯವಳಿಗೆ ಕೊಟ್ಟಿದ್ದಾರೆ. ಹೊಸಬಳು, ಒಬ್ಬಳೇ. ನಾನು ಬೆಳಿಗ್ಗೆ ಜಾಕೆಟ್ಟು ಸರಿಯಾಗಿ ಹಾಕಿಕೊಂಡು ಮಾರುಕಟ್ಟೆ ಬೀದಿಗೆ ಹೋಗುತ್ತೇನೆ. ಬೆನ್ನು ಹೊಳೆಯುತ್ತದೆ. ತಿಂಗಳಲ್ಲಿ ನಾಲ್ಕೈದು ಸಲ ಕೊಳೆಗೆ ಕೂಲಿ ಹಿಡಿಯುತ್ತಾರೆ. ಲಾರಿಯ ಸದ್ದು ಕೇಳಿದಾಗ ನನ್ನ ಬಾಯಲ್ಲಿ ‘ಒಳಗೆ’ ಎಂದು ಬಂದುಬಿಡುತ್ತದೆ. ಸರಿಯಬೇಕಾದವಳು ನಾನೇ ಎಂದು ಆಮೇಲೆ ನೆನಪಾಗುತ್ತದೆ.

ಡ್ರೈವರು ಉಳಿದ. ನನ್ನ ತಂಗಿ ಹಾಕಿರಲಿಲ್ಲ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ. ಸಿಕ್ಕಿದ್ದು ಇಷ್ಟು, ಜೊತೆಗೆ ತಲೆಗೊಂದು ಸೋಪು. ಅವಳ ಸೊಂಟ ಹೋಯಿತು, ಅವಳ ಕೆಲಸ ಹೋಯಿತು, ಎಲ್ಲರ ಉಪಾಯ ಹೋಯಿತು. ಜೋಡಿ ಬರಲಿಲ್ಲ.